ಮೂರು ತಿಂಗಳು ಕಣ್ಣು ತಣ್ಣಗಿರಬೇಕು ಅಂದರು

ಬಲಗಣ್ಣಿನ ಪೊರೆ ತೆಗೆಸಿಕೊಂಡು ಮೂರೂವರೆ ತಿಂಗಳಾಯಿತು. ಕೊನೆಯ ಡ್ರಾಪ್ಸ್ ಹೋದ ವಾರ ನಿಂತಿತು. ಆಪರೇಷನ್‌ಗೆ ಹಿಡಿದಿದ್ದು ಮುಕ್ಕಾಲು ಗಂಟೆ. ಅದಕ್ಕಾಗಿ ಕಾದಿದ್ದು ಹತ್ತು ತಿಂಗಳು. ಪಕ್ಕದ ಮನೆ ಅಜ್ಜ ಬೆಳಿಗ್ಗೆ ಹೋಗಿ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಬಂದವ, ಮೂರನೇ ದಿನ ಪೇಪರ್ ಓದುತ್ತಿದ್ದ. ನಿನಗೆ ಮಾತ್ರ ಯಾಕೆ ಇಷ್ಟು ರಗಳೆ ಅಂತ ಊರವರೆಲ್ಲ ಕೇಳಿದ್ದಾರೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ನಿಂತು ಹೇಳಿ ಸಾಕಾಗಿದೆ. ನನ್ನ ಹಾಗೇ ಇರುವ ಒಬ್ಬಿಬ್ಬರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನಗಿರುವುದು ಯುವಿಯೈಟಿಸ್. ಕಣ್ಣಿನ ನಡುವಿನ ಪದರಕ್ಕೆ ಬರುವ ಉರಿಯೂತ. ಮೊದಲ ಸಲ ಬಂದಿದ್ದು 2013ರಲ್ಲಿ. ಕಣ್ಣು ಕೆಂಪಾಯಿತು, ಬೆಳಕು ನೋಡಿದರೆ ಚುಚ್ಚಿದ ಹಾಗೆ ನೋವು. ಎಲ್ಲರೂ ‘ಕಣ್ಣು ಬಂದಿದೆ’ ಅಂದರು. ಅಮ್ಮ ನಂದಿಬಟ್ಟಲು ಹೂವು ತಂದಳು. ಆದರೆ ಕಣ್ಣು ಬಂದರೆ ಪಿಸರು ಕಟ್ಟುತ್ತದೆ, ಒಂದರಿಂದ ಇನ್ನೊಂದು ಕಣ್ಣಿಗೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ನನ್ನದು ಹಾಗಲ್ಲ. ಪಿಸರಿಲ್ಲ, ಒಂದೇ ಕಣ್ಣು, ಮನೆಯಲ್ಲಿ ಯಾರಿಗೂ ಹರಡಲಿಲ್ಲ. ಡಾಕ್ಟರ್ ಕೊಟ್ಟ ಸ್ಟಿರಾಯ್ಡ್ ಡ್ರಾಪ್ಸ್‌ಗೆ ಇಳಿಯಿತು. ಆಮೇಲೆ ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಸಲ ಬರುತ್ತಲೇ ಇತ್ತು. ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಿದ್ದೆ. ಇದು ನನ್ನದೇ ತಪ್ಪು, ಯಾರನ್ನೂ ದೂರುವಂತಿಲ್ಲ. ಉರಿಯೂತವೂ ಪೊರೆ ತರುತ್ತದೆ, ಸ್ಟಿರಾಯ್ಡೂ ಪೊರೆ ತರುತ್ತದೆ. ನಾನು ಎರಡನ್ನೂ ಸಾಕಿದೆ.

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ನೆಂಟರೆಲ್ಲ ಬಂದಿದ್ದರು. ಎರಡನೇ ದಿನವೇ ಕಣ್ಣು ಕೆಂಪು. ಜಾತ್ರೆ ದೂಳು ಅಂದುಕೊಂಡೆ. ರಾತ್ರಿ ತೊಟ್ಟಿಲಿನ ದೀಪಗಳ ಸುತ್ತ ದೊಡ್ಡ ದೊಡ್ಡ ಉಂಗುರ ಕಾಣುತ್ತಿತ್ತು. ಕೆಂಪು ಹದಿನೈದು ದಿನಕ್ಕೆ ಹೋಯಿತು, ಮಂಜು ಹೋಗಲಿಲ್ಲ. ವಿಚಿತ್ರ ಅಂದರೆ ಸಂಜೆ ಪರವಾಗಿಲ್ಲ, ನಡು ಮಧ್ಯಾಹ್ನ ಏನೂ ಕಾಣುವುದಿಲ್ಲ. ಅಂಗಳದಲ್ಲಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಹರಡಿಕೊಂಡು ಆರಿಸಲು ಕೂತರೆ ಬಿಸಿಲಿಗೆ ಎಲ್ಲ ಒಂದೇ ಬಣ್ಣ. ಬಿಳೇಗೋಟು, ಕೋಕಾದಂಥ ಕಡಿಮೆ ದರ್ಜೆಯ ಅಡಿಕೆಯೆಲ್ಲ ಚಾಲಿಯ ರಾಶಿಗೇ ಹಾಕುತ್ತಿದ್ದೆ. ಆ ವರ್ಷ ಟೆಂಡರಿನಲ್ಲಿ ನಮ್ಮ ಒಂದು ಚೀಲಕ್ಕೆ ದರವೇ ಬೀಳಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ. ಮರುದಿನದಿಂದ ನಾನು ಆರಿಸಿದ್ದನ್ನು ಇನ್ನೊಂದು ಸಲ ಆರಿಸುತ್ತಿದ್ದಳು, ಅಷ್ಟೇ. ಲೆನ್ಸಿನ ಹಿಂಬದಿ ಮಧ್ಯದಲ್ಲಿ ಕಟ್ಟುವ ಪೊರೆ ಹೀಗೇ ಮಾಡುತ್ತದಂತೆ. ಬಿಸಿಲಿಗೆ ಪಾಪೆ ಚಿಕ್ಕದಾದಾಗ ಪೊರೆಯೇ ಎದುರಿಗೆ ಬರುತ್ತದೆ. ಸ್ಟಿರಾಯ್ಡ್ ಬಳಸಿದವರಿಗೆ ಬರುವುದು ಹೆಚ್ಚಾಗಿ ಇದೇ.

ಏಪ್ರಿಲ್‌ನಲ್ಲಿ ಹತ್ತಿರದ ಊರಿನಲ್ಲಿ ಉಚಿತ ಕಣ್ಣಿನ ಶಿಬಿರ. ಸಾಲಿನಲ್ಲಿ ನಿಂತೆ. ಟಾರ್ಚ್ ಬಿಟ್ಟು ನೋಡಿದ ಹುಡುಗ ‘ಪೊರೆ ಇದೆ, ಭಾನುವಾರ ಬಸ್ ಬರ್ತದೆ, ಬನ್ನಿ’ ಅಂದು ಚೀಟಿ ಬರೆದ. ಮೊದಲು ಕಣ್ಣು ಕೆಂಪಾಗುತ್ತಿತ್ತಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಪುಕ್ಕಟೆ, ಊಟ ಸಹಿತ, ಯಾರಿಗೆ ಬೇಡ? ಹೋಗುವವನೇ ಇದ್ದೆ. ಶುಕ್ರವಾರ ಕನ್ನಡಕದ ನಂಬರ್‌ಗೆ ಅಂತ ಶಿರಸಿಯ ಕಣ್ಣಿನ ಡಾಕ್ಟರ್ ಹತ್ತಿರ ಹೋದದ್ದು ಒಳ್ಳೇದಾಯಿತು. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸಿದರು. ಎಡಗಣ್ಣು ಗುಂಡಗೆ ಅರಳಿತು. ಬಲಗಣ್ಣು ಅರಳಲೇ ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು: ಪಾಪೆ ಹುಳ ತಿಂದ ಎಲೆಯ ಹಾಗೆ, ಮೂಲೆ ಮೂಲೆ. ಪ್ರತಿ ಸಲ ಉರಿಯೂತ ಬಂದಾಗ ಐರಿಸ್ ಅನ್ನುವ ಬಣ್ಣದ ಪರದೆ ಹಿಂದಿನ ಲೆನ್ಸಿಗೆ ಅಂಟಿಕೊಂಡಿದೆ. ‘ಇದು ಮಾಮೂಲಿ ಪೊರೆ ಅಲ್ಲ. ಈಗ ಯಾರಾದ್ರೂ ಆಪರೇಷನ್ ಮಾಡ್ತೇನೆ ಅಂದ್ರೂ ಮಾಡಿಸ್ಕೊಳ್ಬೇಡಿ. ಹುಬ್ಬಳ್ಳಿಯಲ್ಲಿ ಯುವಿಯೈಟಿಸ್ ನೋಡುವವರಿಗೆ ಬರೆದು ಕೊಡ್ತೇನೆ’ ಅಂದರು. ಶಿಬಿರದ ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ.

ಹುಬ್ಬಳ್ಳಿ ನಮಗೆ ನೂರು ಕಿಲೋಮೀಟರ್ ಚಿಲ್ಲರೆ, ಮುಂಡಗೋಡ ಮೇಲೆ ಬಸ್ಸಿಗೆ ಮೂರು ಗಂಟೆ. ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕು ಅಂತ ನಾವು ಉತ್ತರ ಕನ್ನಡದವರು ಕೂಗುತ್ತಲೇ ಇದ್ದೇವೆ. ಕಾರವಾರದವರು ಗೋವಾಕ್ಕೆ, ಕುಮಟಾ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ನಾವು ಹುಬ್ಬಳ್ಳಿಗೆ. ಲೆಕ್ಕ ಹಾಕಿದೆ, ಒಟ್ಟು ಹದಿನೇಳು ಸಲ ಹೋಗಿ ಬಂದಿದ್ದೇನೆ. ಶಕ್ತಿ ಯೋಜನೆಯಿಂದ ಹೆಂಡತಿಗೆ ಟಿಕೆಟ್ ಇಲ್ಲ, ಹಾಗಾಗಿ ಜೊತೆಗೆ ಯಾರು ಬರಬೇಕು ಅನ್ನುವ ಪ್ರಶ್ನೆ ಬರಲಿಲ್ಲ! ಜೊತೆಗೆ ಒಬ್ಬರು ಬೇಕೇ ಬೇಕು. ಪ್ರತಿ ಸಲ ಪಾಪೆ ಅಗಲ ಮಾಡುತ್ತಾರೆ, ಸಂಜೆವರೆಗೆ ಬಸ್ಸಿನ ಬೋರ್ಡ್ ಓದಲು ಆಗುವುದಿಲ್ಲ. ಬೈಕು ಕಾರು ತರುವ ಯೋಚನೆ ಬೇಡ.

ಮೊದಲ ದಿನ ಅಲ್ಲಿ ಕೇಳಿದ ಪ್ರಶ್ನೆಗಳಿಗೆ ನಾನು ಕಣ್ಣಾಸ್ಪತ್ರೆಗೆ ಬಂದಿದ್ದೇನಾ ಬೇರೆ ಕಡೆ ಬಂದಿದ್ದೇನಾ ಅನ್ನಿಸಿತು. ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಳ್ಳುತ್ತದಾ? ಓಡಾಡಿದ ಮೇಲೆ ಬಿಡುತ್ತದಾ? ಬಾಯಿ ಹುಣ್ಣು ಬರುತ್ತದಾ? ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ? ಇಲಿ ಜ್ವರ ಬಂದಿತ್ತಾ? ಗದ್ದೆ ತೋಟದಲ್ಲಿ ಬರಿಗಾಲಿನಲ್ಲಿ ನಿಲ್ಲುವವರಿಗೆ ಇಲಿ ಜ್ವರ ಬಂದು ಹೋದ ಮೇಲೂ ಕಣ್ಣಿಗೆ ಉರಿಯೂತ ಬರಬಹುದಂತೆ. ಸೊಂಟದ ಪ್ರಶ್ನೆಗೆ ಹೆಂಡತಿ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಅರ್ಧ ಗಂಟೆ ನಾನು ನೆಟ್ಟಗೆ ನಿಲ್ಲುವುದಿಲ್ಲ. ತೋಟದ ಕೆಲಸ, ಹೊರೆ ಹೊತ್ತದ್ದು, ಅಂತ ಸುಮ್ನೆ ಇದ್ದೆ. ರಕ್ತದಲ್ಲಿ ಎಚ್‌ಎಲ್‌ಎ ಬಿ27 ಅನ್ನುವ ಹುಟ್ಟಿನಿಂದ ಬರುವ ಗುರುತು ಪಾಸಿಟಿವ್ ಬಂತು, ಸೊಂಟದ ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಂಡಿತು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನು ಸೊಂಟದ ಕೀಲುಗಳ ಉರಿಯೂತ. ಕಣ್ಣು ತೋರಿಸಲು ಹೋಗಿ ಬೆನ್ನಿನ ಕಾಯಿಲೆ ತಿಳಿದುಕೊಂಡು ಬಂದೆ. ಎರಡಕ್ಕೂ ಬೇರು ಒಂದೇ. ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ, ಲಿವರ್, ಎಲ್ಲ ಸೇರಿ ಆ ತಿಂಗಳು ಪರೀಕ್ಷೆಗೇ ಒಂಬತ್ತು ಸಾವಿರ ಹೋಯಿತು.

ಅವರು ಕೇಳಿದ ಇನ್ನೊಂದು: ಹಳೇ ದಾಖಲೆ. ಎಷ್ಟು ಸಲ ಬಂತು, ಯಾವ ಕಣ್ಣು, ಏನು ಹಾಕಿದಿರಿ, ಎಷ್ಟು ದಿನ. ನನ್ನ ಚೀಟಿಗಳಿದ್ದ ಟ್ರಂಕಿಗೆ ಒರಲೆ ಹಿಡಿದು ಎರಡು ವರ್ಷವಾಗಿತ್ತು. ನೆನಪಿನಿಂದ ಹೇಳಿದೆ: ತಂಗಿ ಮದುವೆಗೆ ಮೊದಲು, ಅಪ್ಪನ ಕಾರ್ಯದ ಹೊತ್ತಿಗೆ, ಹೀಗೆ. ಡಾಕ್ಟರ್ ತಾಳ್ಮೆಯಿಂದ ಬರೆದುಕೊಂಡರು. ಈ ಕಾಯಿಲೆ ಇರುವವರು ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ತಾರೀಕು, ಕಣ್ಣು, ಔಷಧಿ, ಕಣ್ಣಿನ ಒತ್ತಡ ಎಷ್ಟಿತ್ತು. ಚೀಟಿಗಳ ಫೋಟೋ ಮಗಳ ಮೊಬೈಲಿನಲ್ಲೂ ಇರಲಿ.

ಆಪರೇಷನ್ ಯಾವಾಗ ಅಂತ ಕೇಳಿದೆ. ‘ಮೂರು ತಿಂಗಳು ಕಣ್ಣು ತಣ್ಣಗಿರಬೇಕು. ಆಮೇಲೆ ಮಾತಾಡುವಾ’ ಅಂದರು. ಕೆಂಪಿಲ್ಲ, ನೋವಿಲ್ಲ, ತಣ್ಣಗೇ ಇದೆಯಲ್ಲ ಅಂದೆ. ಅವರು ಹೇಳಿದ್ದು ನನಗೆ ಮರೆಯುವುದಿಲ್ಲ. ‘ಹಂಚಿನ ಸಂದಿಯಿಂದ ಮನೆಯೊಳಗೆ ಬಿಸಿಲು ಕೋಲು ಬೀಳ್ತದಲ್ಲ, ಅದರಲ್ಲಿ ದೂಳು ತೇಲೋದು ಕಾಣ್ತದೆ. ನಾನು ಈ ಯಂತ್ರದಲ್ಲಿ ನಿಮ್ಮ ಕಣ್ಣಿನೊಳಗೆ ಅಂಥದೇ ಕೋಲು ಬಿಡ್ತೇನೆ. ಈಗ ದೂಳು ಕಾಣ್ತಾ ಇದೆ. ಆ ಕೋಲು ಮೂರು ತಿಂಗಳು ಖಾಲಿ ಕಾಣಬೇಕು.’ ಆ ದೂಳು ಅಂದರೆ ಉರಿಯೂತದ ಕಣಗಳು. ಅವು ಇರುವಾಗ ಕೈ ಹಾಕಿದರೆ ಆಪರೇಷನ್ ಆದ ಮೇಲೆ ಉರಿಯೂತ ಭುಗಿಲೆದ್ದು, ಹಾಕಿದ ಲೆನ್ಸಿನ ಮೇಲೇ ಬಲೆ ಕಟ್ಟಬಹುದು, ಒತ್ತಡ ಏರಬಹುದು, ಕಣ್ಣಿನ ಹಿಂದಿನ ಪರದೆಯಲ್ಲಿ (ರೆಟಿನಾ) ನೀರು ತುಂಬಬಹುದು.

ಉರಿಯೂತ ಅದುಮಿಡುವ ಮೆಥೋಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ಇದು ವಾರಕ್ಕೊಂದೇ ದಿನ. ದಯವಿಟ್ಟು ಇದನ್ನು ಎರಡು ಸಲ ಓದಿ: ವಾರಕ್ಕೆ ಒಂದು ದಿನ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಪ್ರತಿ ಭಾನುವಾರಕ್ಕೂ ಹೆಂಡತಿ ಕುಂಕುಮದ ಬೊಟ್ಟು ಇಟ್ಟಳು. ಬೇರೆ ದಿನ ಫೋಲಿಕ್ ಆಸಿಡ್. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಅದು ಶಿರಸಿಯಲ್ಲೇ ಆಗುತ್ತದೆ. ಸೋಮವಾರ ಇಡೀ ದಿನ ಹೊಟ್ಟೆ ತೊಳಸುತ್ತಿತ್ತು, ಎರಡು ತಿಂಗಳಲ್ಲಿ ಅಭ್ಯಾಸವಾಯಿತು.

ಜೂನ್ ಹೋಯಿತು. ಕೋಲು ಖಾಲಿ. ಜುಲೈ ಅರ್ಧ ಹೋಯಿತು. ಮಳೆ ಅಂದರೆ ಮಳೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅದೇ ವಾರ. ನಮ್ಮಲ್ಲಿ ನಾಲ್ಕು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಗುರುವಾರ ಬೆಳಿಗ್ಗೆ ಕಣ್ಣು ಬಿಟ್ಟರೆ ಬೆಳಕು ಚುಚ್ಚಿತು. ಕನ್ನಡಿ ನೋಡುವ ಅಗತ್ಯವೇ ಇರಲಿಲ್ಲ. ಶಿರಸಿಗೆ ಬಂದು ತೋರಿಸಿದ್ದು ಶನಿವಾರ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವಾಗ ಮೈಲುತುತ್ತು ಸುಣ್ಣ ಕಣ್ಣಿಗೆ ಸಿಡಿದಿರಬೇಕು ಅಂದೆ. ಡಾಕ್ಟರ್ ಕೇಳಿದ್ದು ಒಂದೇ: ‘ಡ್ರಾಪ್ಸ್ ಹಾಕ್ತಾ ಇದ್ದೀರಾ?’ ದಿನಕ್ಕೆರಡು ಸಲ ಹಾಕಬೇಕಿತ್ತು. ಬಾಟಲಿ ಮುಗಿದು ಹನ್ನೆರಡು ದಿನವಾಗಿತ್ತು. ಮಳೆಯಲ್ಲಿ ಪೇಟೆಗೆ ಯಾರು ಹೋಗುತ್ತಾರೆ, ಹೇಗೂ ತಣ್ಣಗಿದೆಯಲ್ಲ ಅಂತ ಬಿಟ್ಟಿದ್ದೆ.

ಲೆಕ್ಕ ಮತ್ತೆ ಸೊನ್ನೆಯಿಂದ. ಆ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ನಲವತ್ತೇಳು ವರ್ಷದ ಗಂಡಸು. ಕಣ್ಣು ಹೇಗೂ ಕೆಂಪಿತ್ತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಮನೆಯಲ್ಲಿ ಯಾವಾಗಲೂ ಒಂದು ಬಾಟಲಿ ಹೆಚ್ಚು. ಇನ್ನೊಂದು ಮಾತು, ನಾನು ಹಾಕುವ ಪ್ರೆಡ್ನಿಸೊಲೋನ್ ಅಸಿಟೇಟ್ ಅನ್ನುವ ಸ್ಟಿರಾಯ್ಡ್ ಡ್ರಾಪ್ಸ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಔಷಧಿ ತಳದಲ್ಲಿ ಕೂತಿರುತ್ತದೆ. ಚೆನ್ನಾಗಿ ಕುಲುಕಿ ಹಾಕಬೇಕು. ಹನ್ನೊಂದು ವರ್ಷ ನಾನು ಕುಲುಕದೆ ಹಾಕಿದ್ದೆ!

ನವೆಂಬರ್ ಮೊದಲ ವಾರ ಡಾಕ್ಟರ್ ಕೋಲು ಬಿಟ್ಟು ನೋಡಿ ‘ಖಾಲಿ’ ಅಂದರು. ಓಸಿಟಿ ಅನ್ನುವ ಸ್ಕ್ಯಾನಿನಲ್ಲಿ ಹಿಂದಿನ ಪರದೆ ಸರಿಯಿದೆ. ಲೆನ್ಸಿನ ನಂಬರ್‌ಗೆ ಅಳತೆ ತೆಗೆದರು. ಕನ್ನಡಕವೇ ಬೇಡ ಅನ್ನುವ ದುಬಾರಿ ಲೆನ್ಸ್ ಹಾಕಬಹುದಾ ಅಂತ ಕೌಂಟರಿನವರು ಹೇಳಿದ್ದನ್ನು ನಂಬಿ ಕೇಳಿದೆ. ಡಾಕ್ಟರೇ ಬೇಡ ಅಂದರು. ಈ ಕಣ್ಣಿಗೆ ದೂರಕ್ಕೆ ಮಾತ್ರ ಇರುವ ಸಾದಾ ಮಡಚುವ ಅಕ್ರಿಲಿಕ್ ಲೆನ್ಸೇ ಸರಿ, ಓದಲು ಕನ್ನಡಕ ಹಾಕಿಕೊಳ್ಳಿ ಅಂದರು. ಇಪ್ಪತ್ತೈದು ಸಾವಿರ ಉಳಿಯಿತು.

ಅಡಿಕೆ ಕೊಯ್ಲು ಮುಗಿಸಿ ಜನವರಿ ಕೊನೆಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ವಿಮೆಯ ಕಥೆ. ನನ್ನದು ಒಂದು ಖಾಸಗಿ ಕಂಪನಿಯ ಪಾಲಿಸಿ, 2020ರದು. ಆಸ್ಪತ್ರೆಯವರು ಕಳಿಸಿದ ಕಾಗದದಲ್ಲಿ ‘ಹನ್ನೊಂದು ವರ್ಷದಿಂದ ಯುವಿಯೈಟಿಸ್’ ಅಂತಿತ್ತು. ಪಾಲಿಸಿ ಮಾಡಿಸುವಾಗ ನಾನು ಏಜೆಂಟ್ ಹತ್ತಿರ ಬಾಯಲ್ಲಿ ಹೇಳಿದ್ದೆ. ಅವನು ಎಲ್ಲ ಕಾಯಿಲೆಗಳ ಮುಂದೆ ‘ಇಲ್ಲ’ ಅಂತ ಗೆರೆ ಎಳೆದಿದ್ದ. ಸಹಿ ನನ್ನದೇ. ಕ್ಯಾಶ್‌ಲೆಸ್ ತಿರಸ್ಕಾರ. ಬಿಲ್ 44 ಸಾವಿರ, ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದೆ. ಆಮೇಲೆ ಡಾಕ್ಟರಿಂದ ಪತ್ರ, ನನ್ನಿಂದ ಎರಡು ಪತ್ರ, ಮೂಲ ಬಿಲ್, ಡಿಸ್ಚಾರ್ಜ್ ಸಮರಿ, ಲೆನ್ಸಿನ ಸ್ಟಿಕ್ಕರ್ ಕಳಿಸಿ, ಮೊನ್ನೆ ಏಪ್ರಿಲ್‌ನಲ್ಲಿ 24 ಸಾವಿರ ಬಂತು. ಪೊರೆಗೆ ಇಷ್ಟೇ ಅಂತ ಪಾಲಿಸಿಯಲ್ಲೇ ಮಿತಿ ಇತ್ತು, ಅದನ್ನೂ ನಾನು ಓದಿರಲಿಲ್ಲ. ಲೆನ್ಸಿನ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ, ಅದಿಲ್ಲದಿದ್ದರೆ ಇನ್ನೊಂದು ತಿಂಗಳು.

ಆಪರೇಷನ್‌ಗೆ ಐದು ದಿನ ಮೊದಲಿಂದ ಸ್ಟಿರಾಯ್ಡ್ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ. ನನ್ನ ತೂಕಕ್ಕೆ, ನನ್ನ ಕಾಯಿಲೆಗೆ ಕೊಟ್ಟದ್ದು ಅದು. ನನ್ನದನ್ನು ನೋಡಿ ನೀವು ತೆಗೆದುಕೊಳ್ಳಬೇಡಿ. ಹಸಿವು ಅಂದರೆ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅವಲಕ್ಕಿ ತಿಂದಿದ್ದೇನೆ. ನಿದ್ದೆ ಇಲ್ಲ. ಆಪರೇಷನ್ ಹಿಂದಿನ ದಿನ ರಕ್ತದಲ್ಲಿ ಸಕ್ಕರೆ 236! ನನಗೆ ಯಾವತ್ತೂ ಸಕ್ಕರೆ ಕಾಯಿಲೆ ಇರಲಿಲ್ಲ. ಮುಂದೂಡುತ್ತಾರೇನೋ ಅಂತ ಎದೆ ಹೊಡೆದುಕೊಂಡಿತು. ಫಿಜಿಶಿಯನ್ ಬಂದರು, ಮಾತ್ರೆ ಕೊಟ್ಟರು, ಅವಲಕ್ಕಿಗೆ ಬೆಲ್ಲ ಹಾಕಿದ್ದು ಕೇಳಿ ಬೈದರು. ಬೆಳಿಗ್ಗೆ 148. ಒಪ್ಪಿದರು.

ಒಳಗೆ ಹೋಗುವ ಮೊದಲು ಹಸಿರು ಗೌನ್ ಹಾಕಿ ಸಾಲಾಗಿ ಕೂರಿಸಿದ್ದರು. ನನ್ನ ಮೊದಲಿನ ಮೂವರು ಹದಿನೈದು ಹದಿನೈದು ನಿಮಿಷಕ್ಕೆ ಹೊರಗೆ ಬಂದರು. ನನಗೆ ಕಣ್ಣಿನ ಕೆಳಗೆ ಇಂಜೆಕ್ಷನ್ ಕೊಟ್ಟರು. ನೋವು ಆ ಹತ್ತು ಸೆಕೆಂಡು ಮಾತ್ರ. ಆಮೇಲೆ ಮೂರು ದೀಪ ಕಂಡವು, ಅವು ಕರಗಿ ಹಳದಿ ನೀಲಿ ನೀರಾದವು. ಮಳೆಗಾಲದಲ್ಲಿ ಗಾಜಿನ ಹಂಚಿನ ಮೇಲೆ ನೀರು ಹರಿಯುವಾಗ ಕೆಳಗೆ ಮಲಗಿ ನೋಡಿದ ಹಾಗೆ. ಅಂಟಿದ ಐರಿಸ್ ಬಿಡಿಸಿ, ನಾಲ್ಕು ಸಣ್ಣ ಕೊಕ್ಕೆ ಹಾಕಿ ಪಾಪೆಯನ್ನು ಎಳೆದು ಹಿಡಿದು ಮಾಡಿದರಂತೆ. ಡಾಕ್ಟರ್ ‘ಇನ್ನೊಂದು ಹುಕ್’ ಅಂದದ್ದು ಕೇಳಿಸಿತು. ದೋಟಿಯಲ್ಲಿ ಅಡಿಕೆ ಕೊನೆ ಎಳೆದ ಹಾಗೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೊರಗೆ ಹೆಂಡತಿಗೆ ಯಾರೂ ಏನೂ ಹೇಳಿರಲಿಲ್ಲ. ಉಳಿದವರೆಲ್ಲ ಬಂದರು, ನಾನಿಲ್ಲ. ಮುಕ್ಕಾಲು ಗಂಟೆ ಅವಳು ಬಾಗಿಲು ನೋಡುತ್ತ ನಿಂತಿದ್ದಳು. ನಿಮ್ಮ ಜೊತೆ ಬರುವವರಿಗೆ ಮೊದಲೇ ಹೇಳಿಡಿ, ನಮ್ಮದು ತಡವಾಗುತ್ತದೆ ಅಂತ.

ಮರುದಿನ ಪಟ್ಟಿ ಬಿಚ್ಚಿದಾಗ ಏನೂ ಕಾಣಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಾಲಿನೊಳಗಿಂದ ನೋಡಿದ ಹಾಗೆ ಕಂಡಿತು. ಪಕ್ಕದ ಹಾಸಿಗೆಯವ ಗೋಡೆ ಗಡಿಯಾರದ ಮುಳ್ಳು ಎಣಿಸುತ್ತಿದ್ದ. ನನ್ನ ಲೆನ್ಸಿನ ಮುಂದೆ ಜೇಡರ ಬಲೆಯಂಥ ಫೈಬ್ರಿನ್ ಕಟ್ಟಿತ್ತು. ಇಷ್ಟು ಕಾದರೂ, ಇಷ್ಟು ಮಾತ್ರೆ ನುಂಗಿದರೂ! ಡ್ರಾಪ್ಸ್ ಗಂಟೆಗೊಮ್ಮೆ ಮಾಡಿದರು. ಹುಬ್ಬಳ್ಳಿಯಲ್ಲೇ ಐದು ದಿನ ಲಾಡ್ಜ್ ಮಾಡಿ ಉಳಿದೆವು, ದಿನಕ್ಕೆ 700. ಮೊಬೈಲಿನಲ್ಲಿ ಗಂಟೆ ಗಂಟೆಗೆ ಅಲಾರಂ. ಒಂದು ಡ್ರಾಪ್ಸ್ ಆದ ಮೇಲೆ ಇನ್ನೊಂದಕ್ಕೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ನಾಲ್ಕನೇ ದಿನ ಬಲೆ ಹರಿಯಿತು. ಲಾಡ್ಜಿನ ಕಿಟಕಿಯಿಂದ ಎದುರಿನ ಖಾನಾವಳಿಯ ಬೋರ್ಡಿನಲ್ಲಿ ಜೋಳದ ರೊಟ್ಟಿ ದರ ಓದಿದೆ.

ಮನೆಗೆ ಬಂದ ಮೇಲೆ ತಿಂಗಳು ತಲೆಗೆ ನೀರಿಲ್ಲ, ತೋಟಕ್ಕಿಲ್ಲ, ಬಚ್ಚಲ ಒಲೆಯ ಹೊಗೆಗಿಲ್ಲ. ಚಾಲಿ ಸುಲಿಯುವ ದೂಳು ನೋಡಿ ನನ್ನನ್ನು ಮಾಳಿಗೆಗೆ ಅಟ್ಟಿದರು. ಸ್ಟಿರಾಯ್ಡ್ ಮಾತ್ರೆ ವಾರ ವಾರ ಇಳಿಸುತ್ತ ಬಂದೆವು. ಒಮ್ಮೆಲೇ ನಿಲ್ಲಿಸಬಾರದು, ಇದು ಗೊತ್ತಿರಲಿ.

ಎಲ್ಲ ಮುಗಿಯಿತು ಅಂದುಕೊಂಡಾಗ ಐದನೇ ವಾರ ಮತ್ತೆ ಮಸುಕು. ಕೆಂಪಿಲ್ಲ, ನೋವಿಲ್ಲ. ನೇರ ಗೆರೆ ಸ್ವಲ್ಪ ಡೊಂಕಾಗಿ ಕಾಣುತ್ತಿತ್ತು, ಬಾಗಿಲ ಚೌಕಟ್ಟು ಬಾಗಿದ ಹಾಗೆ. ಈ ಸಲ ಕಾಯಲಿಲ್ಲ, ಮರುದಿನ ಬೆಳಿಗ್ಗೆ ಮೊದಲ ಬಸ್ಸು. ಓಸಿಟಿಯಲ್ಲಿ ಪರದೆಯ ನಡುವೆ ನೀರಿನ ಗುಳ್ಳೆಗಳು. ಯುವಿಯೈಟಿಸ್ ಇರುವವರಿಗೆ ಇದು ಬರುವುದು ಜಾಸ್ತಿಯಂತೆ, ಅದಕ್ಕೇ ಆರನೇ ವಾರಕ್ಕೆ ಸ್ಕ್ಯಾನ್ ಬರೆದಿಟ್ಟಿದ್ದರು. ಬೇರೆ ಡ್ರಾಪ್ಸ್, ಕಣ್ಣಿನ ಪಕ್ಕಕ್ಕೆ ಒಂದು ಇಂಜೆಕ್ಷನ್. ಆರು ವಾರಕ್ಕೆ ನೀರು ಇಂಗಿತು. ಈಗ ಚಾರ್ಟಿನಲ್ಲಿ ಕೊನೆಯ ಸಾಲಿನ ಹಿಂದಿನ ಸಾಲು ಓದುತ್ತೇನೆ. ಮುಂದೆ ಲೆನ್ಸಿನ ಹಿಂದಿನ ಚೀಲ ಮಸುಕಾದರೆ ಲೇಸರ್ ಬೇಕಾಗಬಹುದು ಅಂದಿದ್ದಾರೆ. ಭಾನುವಾರದ ಮಾತ್ರೆ ಮುಂದುವರಿದಿದೆ. ಎಡಗಣ್ಣಿನಲ್ಲೂ ಒಂದು ಚುಕ್ಕೆ ಪೊರೆ ಇದೆ, ಆ ಫೈಲನ್ನು ಈಗಲೇ ಬೇರೆ ಮಾಡಿದ್ದೇನೆ.

ಮೊನ್ನೆ ಅಂಗಳದಲ್ಲಿ ಕೊನೆಯ ಚಾಲಿ ಆರಿಸಲು ಕೂತೆವು. ನಡು ಮಧ್ಯಾಹ್ನ. ಎಡಗಣ್ಣು ಮುಚ್ಚಿ ನೋಡಿದರೆ ಚಾಲಿ ಸುಣ್ಣದ ಹಾಗೆ, ಸ್ವಲ್ಪ ನೀಲಿ ಬಿಳುಪು. ಬಲಗಣ್ಣು ಮುಚ್ಚಿದರೆ ಹಳೇ ಕಾಗದದ ಹಳದಿ. ಎಷ್ಟೋ ಹೊತ್ತು ಹೀಗೇ ಆ ಕಣ್ಣು ಈ ಕಣ್ಣು ಮುಚ್ಚಿ ತೆಗೆದು ಆಟ ಆಡಿದೆ. ಹೆಂಡತಿ ಆರಿಸಿಟ್ಟ ರಾಶಿಗೆ ಕೈ ಹಾಕಿ ಮೂರು ಬಿಳೇಗೋಟು ಹೆಕ್ಕಿ ಅವಳ ಮುಂದಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಎರಡನ್ನು ಬಿಳೇಗೋಟಿಗೆ ಹಾಕಿದಳು. ಮೂರನೆಯದನ್ನು ವಾಪಸ್ ಚಾಲಿಗೇ ಎಸೆದಳು.